ನೈಟ್ ಡ್ಯೂಟಿ ಮಾತು – 17: ಬೊಂಬಡಿಲ್‌ಗೆ ಅತ್ತವರು ಅಯೊರೆತ್‌ಗೆ ಅಳಲಿಲ್ಲ

ಇಲ್ಲಿ ಇಂಗ್ಲೆಂಡಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್' ಓದಿದವರ ಹತ್ರ ಪೀಟರ್ ಜಾಕ್ಸನ್ ಸಿನಿಮಾದ ಮಾತು ತೆಗೆದು ನೋಡಿ, ಇಪ್ಪತ್ತು ವರ್ಷದ ದೂರುಗಳು ಈಗಲೂ ಬಿಸಿಬಿಸಿ. 2001ರ ಮೊದಲ ಭಾಗದಲ್ಲಿ ಟಾಮ್ ಬೊಂಬಡಿಲ್ ಇಲ್ಲವೇ ಇಲ್ಲ. 2002ರಲ್ಲಿ ಫರಾಮಿರ್‌ನ ಗುಣವನ್ನೇ ಕೆಡಿಸಿದ್ರು. ಪುಸ್ತಕದಲ್ಲಿ ಉಂಗುರ ಬೇಡ ಅಂದವನು ಸಿನಿಮಾದಲ್ಲಿ ಫ್ರೋಡೋನ ಸೆರೆ ಹಿಡ್ಕೊಂಡು ಹೋಗ್ತಾನೆ. ಈ ಸಿಟ್ಟು ನ್ಯಾಯವಾದದ್ದೇ. ಬೊಂಬಡಿಲ್ ಹೋಗಿದ್ದಕ್ಕೆ ಮಾತ್ರ ನನಗೆ ಬೇಜಾರಿಲ್ಲ, ಬೈಯೋರು ಬೈಕೊಳ್ಳಿ.

ನನ್ನ ತಕರಾರು ಬೇರೆ. 2003ರ ಮೂರನೇ ಭಾಗ ಥಿಯೇಟರಿಗೆ ಬಂದಾಗ ಗಾಯಾಳುಗಳ ಆಸ್ಪತ್ರೆಯ ಅಧ್ಯಾಯವೇ ಮಾಯ! ಪುಸ್ತಕದಲ್ಲಿ ಅರಗಾರ್ನ್ ಕಿರೀಟ ಇಡೋಕೆ ಮುಂಚೆ, ರಾತ್ರಿ ಸದ್ದಿಲ್ಲದೆ ಅಲ್ಲಿಗೆ ಬರ್ತಾನೆ. ಅಥೆಲಾಸ್ ಸೊಪ್ಪು ಕೇಳಿದ್ರೆ ಔಷಧಿ ಉಸ್ತುವಾರಿಯವನು ಅದರ ಹೆಸರನ್ನ ಬೇರೆ ಬೇರೆ ಭಾಷೆಯಲ್ಲಿ ಒಪ್ಪಿಸ್ತಾನೆ, ಆದ್ರೆ ಸ್ಟಾಕ್ ಇಲ್ಲ. (ಇಂಥವರು ನಮಗೆ ಹೊಸಬರಾ?) ರಾಜನ ಕೈ ಅಂದ್ರೆ ವಾಸಿ ಮಾಡೋ ಕೈ ಅನ್ನೋ ಹಳೇ ನಂಬಿಕೆ ನೆನಪಿಸೋದು ಅಯೊರೆತ್, ಅಲ್ಲಿ ರೋಗಿಗಳನ್ನ ನೋಡ್ಕೊಳ್ಳೋ ವಾಚಾಳಿ ಮುದುಕಿ. ರಾಜ ಬಂದ ಅನ್ನೋ ಸುದ್ದಿ ಊರಿಗೆ ಹಬ್ಬಿದ್ದು ಹಾಸಿಗೆ ಪಕ್ಕದಿಂದ ಕಣ್ರೀ.

ಇನ್ನು ಎಯೊವಿನ್. ನಾಜ್ಗುಲ್ ಒಡೆಯನನ್ನ ಕೊಂದಾಗ ಎಲ್ಲರ ಚಪ್ಪಾಳೆ. ಆಮೇಲೆ ಅದೇ ಆಸ್ಪತ್ರೆಯಲ್ಲಿ ಚೇತರಿಸ್ಕೊಂಡು, ಯುದ್ಧ ಸಾಕು, ಇನ್ನು ವಾಸಿ ಮಾಡೋಳಾಗ್ತೀನಿ ಅಂತ ತೀರ್ಮಾನ ಮಾಡ್ತಾಳಲ್ಲ, ಅದೆಲ್ಲಿ? ಥಿಯೇಟರ್ ಪ್ರಿಂಟಲ್ಲಿ ಪಟ್ಟಾಭಿಷೇಕಕ್ಕೆ ಸುಮ್ನೆ ಫರಾಮಿರ್ ಪಕ್ಕ ನಿಂತಿರ್ತಾಳೆ. ಎಕ್ಸ್‌ಟೆಂಡೆಡ್ ಆವೃತ್ತಿಯಲ್ಲಿ ಒಂದಷ್ಟು ತುಣುಕು ಸಿಗತ್ತೆ, ಅಷ್ಟೇ.

11 ಆಸ್ಕರ್ ಗೆದ್ದ ಸಿನಿಮಾ. ಬೊಂಬಡಿಲ್‌ಗೆ ಮಾಡಿದ ಗಲಾಟೆಯಲ್ಲಿ ಅರ್ಧನಾದ್ರೂ ಇದಕ್ಕೆ ಯಾಕೆ ಮಾಡಲಿಲ್ಲ, ಹೇಳಿ?