ಮೈಸೂರು ಜಿಲ್ಲೆಯ ವೇಗದ ತೋಳು

ಭತ್ತದ ಕೊಯ್ಲು ಮುಗಿದು ಹುಲ್ಲು ಬಣವೆ ಸೇರಿದ ಮೇಲೆ ಯಳಂದೂರಿನ ಸುತ್ತಲ ಗದ್ದೆಗಳು ಹುಡುಗರ ಪಾಲಾಗುತ್ತವೆ. ಸುವರ್ಣಾವತಿಯ ನೀರುಂಡ ಮಣ್ಣು ಒಣಗಿ ಬಿರಿದಿರುತ್ತದೆ, ಕೂಳೆಗಳು ಅಂಗಾಲಿಗೆ ಚುಚ್ಚುತ್ತವೆ. ಆದರೂ ಆಟ ನಿಲ್ಲುವುದಿಲ್ಲ. ತೆಂಗಿನ ಮಟ್ಟೆಯನ್ನು ಕೆತ್ತಿದ ಬ್ಯಾಟು, ಒಂದು ಟೆನ್ನಿಸ್ ಚೆಂಡು, ಮೂರು ಕೋಲು, ಇಷ್ಟಿದ್ದರೆ ಪಂದ್ಯ ಕಳೆಗಟ್ಟುತ್ತದೆ. ಬ್ಯಾಟಿಗಾಗಿ ಜಗಳ ದಿನವೂ ಉಂಟು. ಚೆಂಡೆಸೆಯುವ ಕೆಲಸಕ್ಕಾಗಿ ಜಗಳವಾಡುವವರು ಕಡಮೆ. ಇಪ್ಪತ್ತು ಹೆಜ್ಜೆ ಓಡಿಬಂದು, ಮೈಯ ಬಲವನ್ನೆಲ್ಲ ತೋಳಿಗೆ ತಂದು ಎಸೆದ ಚೆಂಡು ಆ ನೆಲದಲ್ಲಿ ಬಿದ್ದು, ಮೊಣಕಾಲ ಮಟ್ಟಕ್ಕೂ ಏಳದೆ ಉಸಿರು ಬಿಡುತ್ತದೆ. ದಾಂಡಿಗ ನಿಂತಲ್ಲಿಯೇ ನಿಂತು ಅದನ್ನು ಪಕ್ಕದ ಗದ್ದೆಗೆ ಬಾರಿಸುತ್ತಾನೆ. ಹೋಗಿ ಹುಡುಕಿ ತರಬೇಕಾದವನೂ ಅನೇಕ ವೇಳೆ ಎಸೆದವನೇ.

ಭಾರತದ ನೆಲದಲ್ಲಿ ವೇಗದ ಬೌಲರನಾಗಿ ಹುಟ್ಟುವುದೆಂದರೆ ಏನೆಂಬುದು ಈ ಗದ್ದೆಯಲ್ಲಿ ಆಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾವಗಲ್ ಶ್ರೀನಾಥರ ಹನ್ನೆರಡು ವರ್ಷಗಳ ಆಟದ ಏಳುಬೀಳುಗಳನ್ನು ನೋಡಹೊರಟಾಗ ಮೊದಲು ಈ ಗದ್ದೆ ಕಣ್ಣಿಗೆ ಬರುವುದು ಅದರಿಂದಲೇ.

ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಶ್ರೀನಾಥರ ಮೇಲೆ ಒಂದು ಬಗೆಯ ಹಕ್ಕೂ ಇದೆ. ಕೊಳ್ಳೇಗಾಲ 1956ರಲ್ಲಿ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿತು. 1991ರಲ್ಲಿ ಈ ಮೂರು ಊರುಗಳೂ ಮೈಸೂರು ಜಿಲ್ಲೆಯವೇ ಆಗಿದ್ದವು. ಹನೂರು ಇನ್ನೂ ಕೊಳ್ಳೇಗಾಲ ತಾಲ್ಲೂಕಿನೊಳಗಿತ್ತು. ಆದ್ದರಿಂದ ಆ ವರ್ಷ ನವೆಂಬರ್ ತಿಂಗಳ ಕೊನೆಯಲ್ಲಿ, ನಮ್ಮಲ್ಲಿ ಬೆಳಗಿನ ಜಾವವಿರುವಾಗಲೇ, ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ತಮ್ಮ ಮೊದಲ ಟೆಸ್ಟ್ ಪಂದ್ಯಕ್ಕೆ ಇಳಿದ ನೀಳಕಾಯದ ತರುಣ ಈ ಸೀಮೆಯವರ ಲೆಕ್ಕದಲ್ಲಿ ತಮ್ಮ ಜಿಲ್ಲೆಯ ಹುಡುಗ. ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕಲಿತವರು. ರಾಜ್ಯದ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ, 1989–90ರ ಋತುವಿನಲ್ಲಿ, ಹೈದರಾಬಾದಿನ ಮೂವರನ್ನು ಮೂರು ಎಸೆತಗಳಲ್ಲಿ ಒಬ್ಬರ ಹಿಂದೊಬ್ಬರಂತೆ ಹೊರಗೆ ಕಳುಹಿಸಿದ್ದರು. ಇಂಥವರಿಗೆ ದಾರಿ ಸಲೀಸು ಎಂದು ಯಾರಾದರೂ ಎಣಿಸುತ್ತಿದ್ದರು.

ಆದದ್ದು ಬೇರೆ. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳ ಗಟ್ಟಿ ನೆಲದ ಮೇಲೆ ಅವರಿಗೆ ಕೆಲಸವಿತ್ತು. ತಂಡ ಮನೆಗೆ ಮರಳಿತೋ, ಅವರು ಅಂಗಳದಿಂದ ಜಗಲಿಗೆ ಬಂದರು. 1993–94ರಲ್ಲಿ ಇಂಗ್ಲೆಂಡ್, ಜಿಂಬಾಬ್ವೆ, ಶ್ರೀಲಂಕಾ ತಂಡಗಳು ಒಂದರ ಹಿಂದೊಂದು ಬಂದು ನಮ್ಮಲ್ಲಿ 7 ಟೆಸ್ಟ್ ಪಂದ್ಯಗಳನ್ನಾಡಿದವು. ಏಳರಲ್ಲಿ ಒಂದರಲ್ಲಿಯೂ ಶ್ರೀನಾಥರಿಗೆ ಸ್ಥಾನ ಸಿಗಲಿಲ್ಲ. ಕುಂಬ್ಳೆ, ಚೌಹಾನ್, ರಾಜು ಎಂಬ ಮೂವರು ಸ್ಪಿನ್ನರುಗಳಿಗೆ ಹದವಾಗುವಂತೆ ನೆಲವನ್ನು ಸಿದ್ಧಗೊಳಿಸಲಾಗಿತ್ತು. ಹೊಸ ಚೆಂಡಿನ ಹೊಳಪನ್ನು ಕಳೆಯುವುದಕ್ಕೆ ಕಪಿಲ್ ದೇವ್ ಮತ್ತು ಪ್ರಭಾಕರ್ ಇದ್ದರು. ಕಪಿಲರಿಗೆ ಆ ಹೊತ್ತಿನಲ್ಲಿ ಇನ್ನೊಂದು ವ್ರತವೂ ಇತ್ತು: ಹ್ಯಾಡ್ಲಿಯ 431 ವಿಕೆಟುಗಳ ದಾಖಲೆಯನ್ನು ದಾಟುವುದು. 1994ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಅವರು ಅದನ್ನು ದಾಟಿದಾಗ ದೇಶವೇ ಹಬ್ಬ ಆಚರಿಸಿತು, ಆಚರಿಸಬೇಕಾದ್ದೇ. ಹಬ್ಬದ ಮನೆಯ ಹಿತ್ತಿಲಲ್ಲಿ ಕಾಯುತ್ತಿದ್ದವನ ಮಾತನ್ನು ಎತ್ತಲು ಯಾರಿಗೂ ಬಿಡುವಿರಲಿಲ್ಲ.

ಇದರಲ್ಲಿ ಯಾರನ್ನಾದರೂ ದೂರುವುದೂ ಕಷ್ಟ. ಆ ಏಳು ಪಂದ್ಯಗಳನ್ನೂ ಭಾರತ ಗೆದ್ದಿತು! ಸೋತಿದ್ದರೆ ಪತ್ರಿಕೆಗಳಲ್ಲಿ ಪ್ರಶ್ನೆಗಳೇಳುತ್ತಿದ್ದವು, ಆಯ್ಕೆ ಸಮಿತಿ ಉತ್ತರ ಹೇಳಬೇಕಾಗುತ್ತಿತ್ತು. ಗೆದ್ದ ತಂಡವನ್ನು ಬದಲಿಸೆಂದು ಯಾರು ಕೇಳಿಯಾರು? ಪಂಪನ ಕರ್ಣನನ್ನು ಓದಿದವರಿಗೆ ನೆಲವೇ ವೀರನ ಗಾಲಿಯನ್ನು ನುಂಗುವ ಕಥೆ ಗೊತ್ತು. ಶ್ರೀನಾಥರ ವಿಷಯದಲ್ಲಿ ನೆಲಕ್ಕೆ ಮುನಿಸೇನೂ ಇರಲಿಲ್ಲ. ಅದು ಅವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷದ ವೇಗದ ಬೌಲರನಿಗೆ ಹೋದ ವರ್ಷ ಮತ್ತೆ ಬಾರದು. ದಾಂಡಿಗನಾದರೆ ಮೂವತ್ತೈದರಲ್ಲಿಯೂ ಕಣ್ಣಿನ ಚುರುಕಿನಿಂದ ಬಾಳಬಹುದು. ವೇಗದ ತೋಳಿಗೆ ಆ ಸೌಕರ್ಯವಿಲ್ಲ. ಆ ಎರಡು ಋತುಗಳ ನಷ್ಟ ದೊಡ್ಡದೆಂದೇ ಹೇಳಬೇಕು.

ಕಪಿಲರು ನಿವೃತ್ತರಾದ ಮೇಲೆ, 1994ರ ನವೆಂಬರಿನಲ್ಲಿ, ಮುಂಬಯಿಯಲ್ಲಿ ವೆಸ್ಟ್ ಇಂಡೀಸಿನ ಎದುರು ಶ್ರೀನಾಥರು ಸ್ವದೇಶದ ಮೊದಲ ಟೆಸ್ಟ್ ಆಡಿದರು. ಮೊದಲ ಟೆಸ್ಟಿಗೂ ಇದಕ್ಕೂ ನಡುವೆ ಮೂರು ವರ್ಷ ಕಳೆದಿತ್ತು. ಮರುವರ್ಷ ಇಂಗ್ಲೆಂಡಿಗೆ ಹೋಗಿ ಗ್ಲೌಸ್ಟರ್‌ಷೈರ್ ಕೌಂಟಿಯ ಪರವಾಗಿ ಒಂದೇ ಋತುವಿನಲ್ಲಿ 87 ವಿಕೆಟ್ ಪಡೆದರು. ಕೂಲಿಯಾಳು ಬೇಸಗೆಯೆಲ್ಲ ಪರಸ್ಥಳದಲ್ಲಿ ದುಡಿದು ಬಂದಂತೆ.

1996 ಏರಿನ ವರ್ಷ. ಅಕ್ಟೋಬರ್ 21ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ 215 ರನ್ನುಗಳನ್ನು ಬೆನ್ನಟ್ಟಿದ ಭಾರತ, ತೆಂಡೂಲ್ಕರರ 88 ರನ್ನುಗಳ ಆಟ ಮುಗಿದ ಮೇಲೆ, 8 ವಿಕೆಟಿಗೆ 164ಕ್ಕೆ ಬಂದು ನಿಂತಿತು. ಜನ ಏಳತೊಡಗುವ ಹೊತ್ತು. ಉಳಿದವರು ಶ್ರೀನಾಥ್ ಮತ್ತು ಕುಂಬ್ಳೆ, ಇಬ್ಬರೂ ಚೆಂಡೆಸೆಯುವವರು, ಇಬ್ಬರೂ ಕನ್ನಡಿಗರು. ಅವರು ಮುರಿಯದ ಜೊತೆಯಾಟದಲ್ಲಿ 52 ರನ್ ಸೇರಿಸಿ ಪಂದ್ಯವನ್ನು ಗೆದ್ದುಕೊಟ್ಟರು. ಶ್ರೀನಾಥರ ಪಾಲು 30. ಆ ರಾತ್ರಿ ಕೊಳ್ಳೇಗಾಲದಲ್ಲಿ ಟೆಲಿವಿಷನ್ ಇದ್ದ ಮನೆಗಳ ಜಗಲಿಗಳೆಲ್ಲ ತುಂಬಿದ್ದವೆಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು.

ಅದಾಗಿ ಒಂದು ತಿಂಗಳಿಗೆ ಅಹಮದಾಬಾದಿನಲ್ಲಿ ನಡೆದದ್ದಾದರೂ ಅವರದೇ ಕಸುಬಿನ ಮಾತು. ಗೆಲ್ಲಲು 170 ರನ್ ಬೇಕಾಗಿದ್ದ ದಕ್ಷಿಣ ಆಫ್ರಿಕ 105ಕ್ಕೆ ಮುಗಿಯಿತು. ಶ್ರೀನಾಥರು 21 ರನ್ ಕೊಟ್ಟು 6 ಮಂದಿಯನ್ನು ಕೆಡವಿದ್ದರು. ಎರಡು ವರ್ಷಗಳ ಹಿಂದೆ ಕಪಿಲರ ಹಬ್ಬ ನಡೆದ ಅಂಗಳವೇ ಅದು. ನಮ್ಮ ನೆಲ ವೇಗಕ್ಕೆ ಒಗ್ಗದೆಂದು ಹೇಳುತ್ತ ಬಂದವರು ಆ ದಿನ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆಮೇಲೆ ಬಂದದ್ದು ಭುಜದ ನೋವು. ತೋಳಿನ ಎಲುಬಿನ ಗುಂಡು ಹೆಗಲ ಕುಣಿಯಲ್ಲಿ ನಿಂತಿರುವುದು ನಾಲ್ಕು ಮಾಂಸಖಂಡಗಳ ಹಿಡಿತದಿಂದ. ಚೆಂಡನ್ನು ಬಿಟ್ಟ ಮರುಕ್ಷಣ ಮುಂದಕ್ಕೆ ಚಿಮ್ಮುವ ತೋಳನ್ನು ಎಳೆದು ಹಿಡಿಯಬೇಕಾದವೂ ಅವೇ. ದಿನಕ್ಕೆ ನೂರಾರು ಸಲ, ವರ್ಷಗಟ್ಟಲೆ ಈ ಎಳೆದಾಟ ನಡೆದರೆ ಹಗ್ಗದ ಎಳೆ ಸವೆದಂತೆ ಅವುಗಳ ನರಗಳು ಸವೆಯುತ್ತವೆ. ಅಮೆರಿಕದ ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನಿಗೂ, ಕೆನಡದ ಫುಟ್‌ಬಾಲಿನಲ್ಲಿ ತಂಡದ ಭಾರವನ್ನೆಲ್ಲ ಹೊತ್ತು ಚೆಂಡನ್ನು ದೂರಕ್ಕೆಸೆಯುವ ಕ್ವಾರ್ಟರ್‌ಬ್ಯಾಕಿಗೂ ಇದೇ ಕಂಟಕ. ಅಲ್ಲಿಯೂ ಎಷ್ಟೋ ಮಂದಿಯ ಬಾಳು ಹೆಗಲಲ್ಲಿಯೇ ಮುಗಿದಿದೆ. ಶ್ರೀನಾಥರಿಗೆ 1997ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ವೆಸ್ಟ್ ಇಂಡೀಸ್ ಪ್ರವಾಸ ಕೈತಪ್ಪಿತು. ಆ ಪ್ರವಾಸದಲ್ಲಿ, ಬಾರ್ಬಡೋಸಿನಲ್ಲಿ, 120 ರನ್ ಹೊಡೆದರೆ ಗೆಲ್ಲಬಹುದಾಗಿದ್ದ ಭಾರತ 81ಕ್ಕೆ ಕುಸಿಯಿತು. ಶ್ರೀನಾಥರಿದ್ದಿದ್ದರೆ ಆ 120 ಇನ್ನೂ ಕಡಮೆಯಾಗುತ್ತಿತ್ತೇ ಎಂದು ಲೆಕ್ಕ ಹಾಕಿದವರು ಬಹಳ. ಲೆಕ್ಕ ಹಾಕುವುದರಲ್ಲಿ ಯಾರಿಗೂ ಖರ್ಚಿಲ್ಲವಷ್ಟೆ.

ಅದೇ 1997ರಲ್ಲಿ ಮೈಸೂರು ಜಿಲ್ಲೆಯೂ ಒಡೆದು ಎರಡಾಯಿತು. ಕೊಳ್ಳೇಗಾಲ, ಯಳಂದೂರುಗಳು ಹೊಸ ಚಾಮರಾಜನಗರ ಜಿಲ್ಲೆಗೆ ಹೋದವು. ಸರಕಾರಿ ಕಾಗದದಲ್ಲಿ ಶ್ರೀನಾಥರು ಪಕ್ಕದ ಜಿಲ್ಲೆಯವರಾದರು. ಗದ್ದೆಯ ಹುಡುಗರು ಆ ಕಾಗದವನ್ನು ಓದಿರಲಾರರು. ಕತ್ತರಿಯಾಡಿದ ಹೆಗಲಿನೊಡನೆ ವೇಗದ ಬೌಲರ್ ಮೊದಲಿನಂತಾಗುವುದು ಅಪರೂಪ. ಆದರೆ ವರ್ಷ ಮುಗಿಯುವ ಮುನ್ನ ಶ್ರೀನಾಥರು ಮತ್ತೆ ಟೆಸ್ಟ್ ಆಡುತ್ತಿದ್ದರು.

ಅವರ ಆಟದ ಅತಿ ಎತ್ತರದ ದಿನಗಳು ಬಂದದ್ದು ಇದರ ನಂತರ, 1999ರ ಫೆಬ್ರವರಿಯಲ್ಲಿ. ಮತ್ತು ಆ ಎತ್ತರದಲ್ಲಿ ನಿಂತಾಗ ಅವರ ಕೈಗೆ ದಕ್ಕಿದ್ದು ಬಹಳ ಕಡಮೆ. ಏಳನೆಯ ತಾರೀಖು ದೆಹಲಿಯ ಕೋಟ್ಲಾ ಮೈದಾನದಲ್ಲಿ ಕುಂಬ್ಳೆ ಪಾಕಿಸ್ತಾನದ ಒಂಬತ್ತು ಮಂದಿಯನ್ನು ಒಬ್ಬರೇ ಉರುಳಿಸಿದ್ದರು. ಇನ್ನೊಬ್ಬ ಬಿದ್ದರೆ ಹತ್ತಕ್ಕೆ ಹತ್ತು. ಟೆಸ್ಟ್ ಆಟದ ಅಷ್ಟು ವರ್ಷಗಳಲ್ಲಿ ಹಾಗೆ ಮಾಡಿದವರು ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಇನ್ನೊಂದು ತುದಿಯಿಂದ ಚೆಂಡು ಶ್ರೀನಾಥರ ಕೈಗೆ ಬಂತು. ಹನ್ನೊಂದನೆಯ ದಾಂಡಿಗನನ್ನು ಕೆಡವುವುದು ಅವರಂಥವರಿಗೆ ಎಷ್ಟರ ಮಾತು! ಅವರು ವಿಕೆಟಿನಿಂದ ದೂರಕ್ಕೆ, ದಾಂಡಿಗನ ಬ್ಯಾಟಿಗೆ ಸಿಕ್ಕದ ಹಾಗೆ, ಎಸೆಯುತ್ತ ಓವರನ್ನು ಮುಗಿಸಿದರು. ಅಂಪೈರು ತೋಳುಗಳನ್ನು ಅಗಲಿಸಿ ವೈಡ್ ಎಂದರು. ವಿಕೆಟ್ ಪಡೆಯುವುದಕ್ಕಾಗಿಯೇ ಬದುಕುವ ಮನುಷ್ಯ ಆರು ಎಸೆತಗಳ ಕಾಲ ವಿಕೆಟ್ ಬೀಳದಂತೆ ಎಚ್ಚರ ವಹಿಸಿದ. ಮುಂದಿನ ಓವರಿನಲ್ಲಿ ವಸೀಂ ಅಕ್ರಂ ಔಟಾದರು. 74 ರನ್ನಿಗೆ 10 ವಿಕೆಟ್ ಎಂಬ ಅಂಕಿ ಕುಂಬ್ಳೆಯವರ ಹೆಸರಿನೆದುರು ನಿಂತಿತು. ಶ್ರೀನಾಥರು ಮಾಡಿದ್ದನ್ನು ಬರೆಯಲು ಅಂಕಪಟ್ಟಿಯಲ್ಲಿ ಅಂಕಣವಿಲ್ಲ. ವೈಡುಗಳು ಮಾತ್ರ ದಾಖಲಾಗಿವೆ.

ಒಂಬತ್ತು ದಿನಗಳ ಮೇಲೆ ಕಲ್ಕತ್ತದ ಈಡನ್ ಉದ್ಯಾನದಲ್ಲಿ, ಅದೇ ಪಾಕಿಸ್ತಾನದ ಎದುರು, ಪಂದ್ಯದ ಮೊದಲ ಬೆಳಗ್ಗೆ ಎದುರಾಳಿಗಳು 26 ರನ್ನಿಗೆ 6 ವಿಕೆಟ್ ಕಳೆದುಕೊಂಡರು. ಮೊಯಿನ್ ಖಾನರ ಛಲದಿಂದ ಮೊತ್ತ 185ಕ್ಕೆ ಏರಿತು. ಶ್ರೀನಾಥರಿಗೆ ಐದು. ಎರಡನೆಯ ಇನ್ನಿಂಗ್ಸಿನಲ್ಲಿ ಸಯೀದ್ ಅನ್ವರ್ ಆರಂಭದಿಂದ ಕೊನೆಯವರೆಗೆ ಅಲುಗದೆ ನಿಂತು 188 ಹೊಡೆದರೆ, ಅವರ ಎದುರು ತುದಿಗೆ ಬಂದವರಲ್ಲಿ ಎಂಟು ಮಂದಿಯನ್ನು ಶ್ರೀನಾಥರು ಮರಳಿ ಕಳುಹಿಸಿದರು. 86 ರನ್ನಿಗೆ 8. ಪಂದ್ಯದಲ್ಲಿ ಒಟ್ಟು 132ಕ್ಕೆ 13. ಹೊಲಿದ ಹೆಗಲಿನ ಬೌಲರನ ಸಾಧನೆ ಇದು ಎಂಬುದನ್ನು ಮರೆಯಬಾರದು. ಭಾರತಕ್ಕೆ 279 ಬೇಕಾಗಿತ್ತು. ತೆಂಡೂಲ್ಕರರು ರನ್ ಔಟಾದ ಬಗೆಗೆ ಜನ ಕೆರಳಿದರು, ಗದ್ದಲವೆದ್ದಿತು, ಕೊನೆಗೆ ಪ್ರೇಕ್ಷಕರನ್ನೆಲ್ಲ ಹೊರಗೆ ಕಳುಹಿಸಿ ಬರಿದಾದ ಮೆಟ್ಟಿಲುಗಳ ನಡುವೆ ಪಂದ್ಯವನ್ನು ಮುಗಿಸಬೇಕಾಯಿತು. ಭಾರತ 46 ರನ್ನುಗಳಿಂದ ಸೋತಿತು. ಆ ಪಂದ್ಯದ ಮಾತೆತ್ತಿದರೆ ಇಂದಿಗೂ ಜನರ ಬಾಯಿಗೆ ಬರುವುದು ರನ್ ಔಟು, ಗಲಾಟೆ, ದ್ರಾವಿಡ್ ಮತ್ತು ತೆಂಡೂಲ್ಕರರ ವಿಕೆಟುಗಳನ್ನು ಬೆನ್ನುಬೆನ್ನಿಗೆ ಕಿತ್ತ ಶೋಯೆಬ್ ಅಖ್ತರ್. ಹದಿಮೂರು ವಿಕೆಟಿನ ಮಾತು ಬರುವುದು ಅದೆಲ್ಲದರ ಹಿಂದೆ, ಬಂದರೆ.

ಗೆದ್ದ ತಂಡದಿಂದ ಹೊರಗಿದ್ದು ಆರಂಭವಾದ ಬಾಳು, ಸೋತ ಪಂದ್ಯದಲ್ಲಿ ತನ್ನ ಶಿಖರವನ್ನು ಕಂಡಿತು. ವಿಧಿಯನ್ನು ನಂಬುವವರು ಇದಕ್ಕೊಂದು ಅರ್ಥ ಹಚ್ಚಬಹುದು. ನಂಬದವರಿಗೆ, ಹನ್ನೊಂದು ಮಂದಿ ಆಡುವ ಆಟದಲ್ಲಿ ಒಬ್ಬನ ತೋಳು ಎಷ್ಟು ದೂರ ಸಾಗಬಲ್ಲದು ಎಂಬ ಲೆಕ್ಕ ಇಲ್ಲಿ ಸಿಗುತ್ತದೆ.

2002ರಲ್ಲಿ ಶ್ರೀನಾಥರು ಟೆಸ್ಟ್ ಆಟಕ್ಕೆ ವಿದಾಯ ಹೇಳಿದರು. ವಯಸ್ಸು ಮೂವತ್ತೆರಡು ದಾಟಿತ್ತು, ಮೈ ದಣಿದಿತ್ತು. ನಾಯಕ ಗಂಗೂಲಿ ಬಿಡಲಿಲ್ಲ. ಜಹೀರ್ ಖಾನ್, ನೆಹ್ರಾರಂಥ ಎಳೆಯರ ಜೊತೆಗೆ ಅನುಭವಿಯೊಬ್ಬ ಬೇಕೆಂದು ಒತ್ತಾಯಿಸಿ ಕರೆತಂದರು. ಮರುವರ್ಷ ದಕ್ಷಿಣ ಆಫ್ರಿಕದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಹಿರಿಯ ಎತ್ತು ಮತ್ತೆ ನೊಗಕ್ಕೆ ಹೆಗಲು ಕೊಟ್ಟಿತು. ಜೋಹಾನ್ಸ್‌ಬರ್ಗಿನಲ್ಲಿ ಶ್ರೀಲಂಕಾ 109ಕ್ಕೆ ಮಡಿದ ದಿನ ಅವರಿಗೆ 35 ರನ್ನಿಗೆ 4 ವಿಕೆಟ್. ಕೂಟದಲ್ಲಿ ಒಟ್ಟು 16. ಮಾರ್ಚ್ 23ರಂದು ಅದೇ ಜೋಹಾನ್ಸ್‌ಬರ್ಗಿನಲ್ಲಿ ಅಂತಿಮ ಪಂದ್ಯ. ಆಸ್ಟ್ರೇಲಿಯ 2 ವಿಕೆಟಿಗೆ 359, ಪಾಂಟಿಂಗ್ 140. ಶ್ರೀನಾಥರ 10 ಓವರುಗಳಲ್ಲಿ 87 ರನ್ ಹೋದವು, ವಿಕೆಟ್ ಒಂದೂ ಬರಲಿಲ್ಲ. ಭಾರತದ ಪರವಾಗಿ ಅವರು ಎಸೆದ ಕಡೆಯ ಓವರುಗಳು ಅವೇ.

ಆ 87ನ್ನು ಹಿಡಿದು ಅವರನ್ನು ಜರೆದವರೂ ಇದ್ದರು. 67 ಟೆಸ್ಟುಗಳಲ್ಲಿ 236, ಏಕದಿನದ 229 ಪಂದ್ಯಗಳಲ್ಲಿ 315 ವಿಕೆಟ್ ಪಡೆದವರನ್ನು ಒಂದು ಮಧ್ಯಾಹ್ನದಿಂದ ಅಳೆಯುವುದು ನ್ಯಾಯವೇ? ಏಕದಿನದ ಆಟದಲ್ಲಿ 300ನ್ನು ದಾಟಿದ ಭಾರತದ ವೇಗದ ಬೌಲರ್ ಬೇರೊಬ್ಬರಿಲ್ಲ. ಯಳಂದೂರಿನ ಗದ್ದೆಯಲ್ಲಿ ಎಸೆದು, ಹೊಡೆಸಿಕೊಂಡು, ಚೆಂಡನ್ನು ತಾನೇ ಹುಡುಕಿ ತಂದು ಮತ್ತೆ ಓಟದ ಗುರುತಿಗೆ ನಡೆದವರ ಬಾಯಿಂದ ಮಾತ್ರ ಅಂಥ ಜರಿಮಾತು ಹೊರಟಿರಲಾರದು.

2006ರಿಂದ ಶ್ರೀನಾಥರು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿಯ ಮ್ಯಾಚ್ ರೆಫರಿಯಾದರು. ಅಂಗಳದ ಹೊರಗೆ ಎತ್ತರದ ಕೋಣೆಯಲ್ಲಿ ಗಾಜಿನ ಹಿಂದೆ ಕುಳಿತು, ಆಟಗಾರರ ನಡತೆಯನ್ನು ಗಮನಿಸಿ, ಸಂಜೆ ವರದಿ ಬರೆಯುವ ಕೆಲಸ. ಆಡಿಸಿದ ನೆಲ ತೀರ ಕೆಟ್ಟದ್ದಾಗಿದ್ದರೆ ಅದನ್ನೂ ವರದಿಯಲ್ಲಿ ಕಾಣಿಸುವುದು ರೆಫರಿಯ ಹೊಣೆಗೆ ಸೇರಿದ್ದೇ.