ಹುಲಿ ಕಾಣಲಿಲ್ಲವೆಂದು ಬೇಸರವೇಕೆ?

ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯಕ್ಕೆ ಪ್ರವಾಸ ಹೋದಾಗ ಸಫಾರಿಯಲ್ಲಿ ನಮಗೆ ಹುಲಿ ಕಾಣಲೇ ಇಲ್ಲ. ‘ಟಿಕೆಟ್ ದುಡ್ಡು ದಂಡ’ ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ಈಗ ಆ ಮಾತು ತಪ್ಪೆನಿಸುತ್ತಿದೆ.

ನಮ್ಮ ಅಪ್ಪ ಚಿಕ್ಕವರಿದ್ದಾಗ ನೋಡಿದ್ದು ಬಳ್ಳಾರಿ ನಗರದ ಪುಟ್ಟ ಮೃಗಾಲಯ. ಕಂಬಿಯ ಹತ್ತಿರ ನಿಂತರೆ ಪ್ರಾಣಿ ಎದುರಿಗೇ ಇರುತ್ತಿತ್ತಂತೆ. 2017ರಲ್ಲಿ ಕಮಲಾಪುರದ ಮೃಗಾಲಯ ಶುರುವಾದಾಗ ಅಲ್ಲಿನ ಪ್ರಾಣಿಗಳನ್ನು ಇಲ್ಲಿಗೆ ತಂದರು. 1892ರಲ್ಲಿ 10 ಎಕರೆಯಲ್ಲಿ ಆರಂಭವಾದ ಮೈಸೂರು ಮೃಗಾಲಯವೂ ಹೀಗೆಯೇ ಬದಲಾಯಿತು. ಅದರ ಜಾಗ 150 ಎಕರೆ ದಾಟಿತು, ಕಂಬಿಗಳ ಬದಲು ಕಂದಕ, ಮರ, ನೀರು ಬಂದವು.

ಮೊದಲು ‘ಜನರಿಗೆ ಹೇಗೆ ಕಾಣಬೇಕು’ ಎಂದು ಯೋಚಿಸಿ ಕಟ್ಟುತ್ತಿದ್ದರು. ಈಗ ‘ಪ್ರಾಣಿ ಎಲ್ಲಿ ಮರೆಯಾಗಬೇಕು’ ಎಂದೂ ಯೋಚಿಸುತ್ತಾರೆ. ಸಫಾರಿಯಲ್ಲಂತೂ ಜಾಲರಿಯೊಳಗೆ ಕೂರುವವರು ನಾವೇ!

ಜಾಗ ಬದಲಾಯಿತು, ನಮ್ಮ ಬುದ್ಧಿ ಬದಲಾಗಲಿಲ್ಲ. ಅಂದು ನಮ್ಮ ಬಸ್ಸಿನಿಂದಲೇ ಸಿಳ್ಳೆ ಕೇಳಿಸಿತು. ನಮ್ಮ ಗುಡೇಕೋಟೆಯ ಕರಡಿ ಹಗಲೆಲ್ಲ ಬಂಡೆಗಳ ಸಂದಿಯಲ್ಲಿ ಮಲಗುತ್ತದೆ. ಅದು ಕಾಣಲಿಲ್ಲವೆಂದು ಕೂಡ್ಲಿಗಿಯಲ್ಲಿ ಯಾರೂ ಬೇಸರಪಡುವುದಿಲ್ಲ!

ಮುಂದಿನ ವರ್ಷ ಪ್ರವಾಸ ಹೋಗುವ ಗೆಳೆಯರೇ, ಸಿಳ್ಳೆ ಹಾಕಬೇಡಿ, ತಿಂಡಿ ಎಸೆಯಬೇಡಿ. ಹುಲಿ ಕಂಡರೆ ಸಂತೋಷ. ಕಾಣದಿದ್ದರೆ, ಅದಕ್ಕೂ ನೆಮ್ಮದಿಯಾಗಿ ಮಲಗಲು ಒಂದು ಮರೆ ಸಿಕ್ಕಿದೆಯೆಂದು ಸಂತೋಷಪಡಿ.