ಏಳು ವರ್ಷದ ಶಿಕ್ಷೆ, ಒಂದೇ ಬಸ್ಸಿನ ಪ್ರಯಾಣ

ಯಾವುದೇ ತಾಲ್ಲೂಕು ನ್ಯಾಯಾಲಯದ ಮುಂದೆ ಬೆಳಿಗ್ಗೆ ಹತ್ತೂವರೆಗೆ ನಿಂತವರಿಗೆ ಈ ನೋಟ ಹೊಸದಲ್ಲ. ಹಳ್ಳಿ ಕಡೆಯಿಂದ ಬಂದ ಬಸ್ಸಿನಿಂದ ಆರೋಪಿ ಇಳಿಯುತ್ತಾನೆ. ಅವನ ಹಿಂದೆಯೇ ಅವನ ವಿರುದ್ಧ ಸಾಕ್ಷಿ ನುಡಿಯಬೇಕಾದವನೂ ಇಳಿಯುತ್ತಾನೆ. ಊರಿಗೆ ಇರುವುದು ಒಂದೇ ಬಸ್ಸು. ಎದುರಿನ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಾರೆ, ಕೆಲವೊಮ್ಮೆ ಎರಡಕ್ಕೂ ಕಾಸು ಕೊಡುವವನು ಆರೋಪಿಯ ಕಡೆಯವನೇ. ಮಧ್ಯಾಹ್ನ ಕಟಕಟೆ ಹತ್ತಿದ ಸಾಕ್ಷಿ, ‘ನಾನೇನೂ ನೋಡಿಲ್ಲ ಸ್ವಾಮಿ, ಪೊಲೀಸರು ಏನು ಬರೆದುಕೊಂಡರೋ ಗೊತ್ತಿಲ್ಲ’ ಎನ್ನುತ್ತಾನೆ. ಮಹಜರಿನ ಪಂಚರು, ‘ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡರು’ ಎನ್ನುತ್ತಾರೆ. ಸರ್ಕಾರಿ ಅಭಿಯೋಜಕರು ಸಾಕ್ಷಿಯನ್ನು ಪ್ರತಿಕೂಲ ಎಂದು ಪರಿಗಣಿಸಲು ಕೋರುತ್ತಾರೆ. ‘ಸಾಕ್ಷಿ ಉಲ್ಟಾ ಹೊಡೆದ’ ಎಂಬ ಮಾತು ಸಂಜೆಗೆ ಊರು ತಲುಪುತ್ತದೆ.

ದೊಡ್ಡ ಪ್ರಕರಣವೊಂದು ಹೀಗೆ ಕುಸಿದಾಗಲೆಲ್ಲ ಕೇಳಿಬರುವ ಬೇಡಿಕೆ ಒಂದೇ: ಸಾಕ್ಷಿಗಳನ್ನು ಬೆದರಿಸುವವರಿಗೆ ಇನ್ನೂ ಕಠಿಣ ಶಿಕ್ಷೆ ಆಗಬೇಕು. ಬೇಡಿಕೆಯ ಹಿಂದಿನ ಸಿಟ್ಟು ನ್ಯಾಯವಾದದ್ದು. ಆದರೆ ಆ ಶಿಕ್ಷೆ ಪುಸ್ತಕದಲ್ಲಿ ಆಗಲೇ ಇದೆ, ಅದೂ ಸುಮಾರು ಎರಡು ದಶಕಗಳಿಂದ. ಸುಳ್ಳು ಸಾಕ್ಷ್ಯ ಹೇಳುವಂತೆ ಬೆದರಿಸುವವರಿಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ 195ಎ ಸೆಕ್ಷನ್ 2006ರಲ್ಲೇ ಭಾರತೀಯ ದಂಡ ಸಂಹಿತೆಗೆ ಸೇರಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 232ನೇ ಸೆಕ್ಷನ್ ಆಗಿ ಮುಂದುವರಿದಿದೆ. ಬೆದರಿಕೆಯಿಂದ ಹುಟ್ಟಿದ ಸುಳ್ಳು ಸಾಕ್ಷ್ಯದಿಂದಾಗಿ ನಿರಪರಾಧಿಯೊಬ್ಬನಿಗೆ ಮರಣದಂಡನೆಯೋ ಏಳು ವರ್ಷಕ್ಕಿಂತ ಹೆಚ್ಚಿನ ಸೆರೆಯೋ ಆದರೆ, ಬೆದರಿಸಿದವನಿಗೂ ಅಷ್ಟೇ ಶಿಕ್ಷೆ. ಇದಕ್ಕಿಂತ ಬಿಗಿ ಬೇಕೆಂದರೆ ಏಳನ್ನು ಹತ್ತು ಮಾಡಬಹುದು, ಇಪ್ಪತ್ತೂ ಮಾಡಬಹುದು. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತು ‘ಮಗಳ ಮದುವೆ ಯಾವಾಗ?’ ಎಂದು ಮೆಲ್ಲಗೆ ಕೇಳುವವನಿಗೆ ಆ ಲೆಕ್ಕ ತಟ್ಟುವುದಿಲ್ಲ.

ಕಂಬಾಲಪಲ್ಲಿಯನ್ನು ಕನ್ನಡಿಗರು ಮರೆತಿರಲಾರರು. ಚಿಂತಾಮಣಿ ತಾಲ್ಲೂಕಿನ ಆ ಊರು ಆಗ ಕೋಲಾರ ಜಿಲ್ಲೆಯಲ್ಲಿತ್ತು. 2000ದ ಮಾರ್ಚ್ 11ರ ರಾತ್ರಿ ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಇಡೀ ರಾಜ್ಯ ತಲೆ ತಗ್ಗಿಸಿತು. ಮಂತ್ರಿಗಳು ಬಂದರು, ಮೆರವಣಿಗೆಗಳು ನಡೆದವು, ಪರಿಹಾರ ಘೋಷಣೆಯಾಯಿತು. 2006ರ ಡಿಸೆಂಬರ್‌ನಲ್ಲಿ ವಿಚಾರಣೆ ಮುಗಿದಾಗ ಆರೋಪಿಗಳೆಲ್ಲ ಖುಲಾಸೆಯಾದರು, ಏಕೆಂದರೆ ಕಣ್ಣಾರೆ ಕಂಡವರು ಕಟಕಟೆಯಲ್ಲಿ ಕಂಡಿಲ್ಲ ಎಂದಿದ್ದರು. 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಸಾಕ್ಷ್ಯವೇ ಇಲ್ಲದ ಕಡತದಿಂದ ಮೇಲ್ಮನವಿ ನ್ಯಾಯಾಲಯ ಹೊಸದಾಗಿ ಸಾಕ್ಷ್ಯ ಸೃಷ್ಟಿಸಲಾಗದು.

ಘಟನೆಗೂ ತೀರ್ಪಿಗೂ ನಡುವೆ ಆರು ವರ್ಷಕ್ಕೂ ಹೆಚ್ಚು ಕಾಲ. ನಮ್ಮ ಹಳ್ಳಿಗಳಲ್ಲಿ ಕೂಲಿ ಕೊಡುವ ಹೊಲ, ದನ ಹೊಡೆದುಕೊಂಡು ಹೋಗುವ ದಾರಿ, ಕೈಗಡ ಕೊಡುವ ಕೈ ಯಾರ ಹಿಡಿತದಲ್ಲಿರುತ್ತವೆ ಎಂಬುದನ್ನು ಬಲ್ಲವರಿಗೆ ಆರು ವರ್ಷವೆಂದರೆ ಏನೆಂದು ವಿವರಿಸಬೇಕಿಲ್ಲ. ಯಾರೂ ಮಚ್ಚು ಹಿಡಿದು ಬರಬೇಕಿಲ್ಲ. ಊರ ಹಿರಿಯರು ಜಗಲಿ ಮೇಲೆ ಕೂರಿಸಿ, ‘ಆದದ್ದು ಆಗಿಹೋಯ್ತು, ಮುಂದೆಯೂ ಇಲ್ಲೇ ಬಾಳಬೇಕಲ್ಲಪ್ಪ’ ಎಂದರೆ ಸಾಕು. ಅದನ್ನು ಬೆದರಿಕೆ ಎಂದು ಯಾವ ಠಾಣೆಯಲ್ಲಿ ಬರೆಸುವುದು?

232ನೇ ಸೆಕ್ಷನ್‌ನ ಕೊರತೆ ಇರುವುದು ಇಲ್ಲಿ. ಅದು ಹಿಡಿಯುವುದು ಮೈಗೆ, ಮಾನಕ್ಕೆ ಅಥವಾ ಆಸ್ತಿಗೆ ಹಾನಿ ಮಾಡುವುದಾಗಿ ಬೆದರಿಸಿ ಸುಳ್ಳು ಹೇಳಿಸುವವನನ್ನು. ದುಡ್ಡು ಕೊಟ್ಟು ಸಾಕ್ಷಿಯನ್ನು ಒಲಿಸಿಕೊಂಡವನು ಈ ಸೆಕ್ಷನ್‌ನ ಹೊರಗೆ ಉಳಿಯುತ್ತಾನೆ. ಅವನನ್ನು ಸುಳ್ಳು ಸಾಕ್ಷ್ಯಕ್ಕೆ ಕುಮ್ಮಕ್ಕು ನೀಡಿದ ಬಳಸುದಾರಿಯಲ್ಲಿ ಹಿಡಿಯಬೇಕು. ‘ಕೋರ್ಟಿಗೇ ಹೋಗಬೇಡ, ಆ ತಿಂಗಳು ತಂಗಿಯ ಊರಲ್ಲಿರು’ ಎಂದವನು ಸುಳ್ಳು ಹೇಳಿಸಿದಂತೆಯೂ ಆಗುವುದಿಲ್ಲ. ಸಾಕ್ಷಿ ಹೇಳಿ ಬಂದ ಮೇಲೆ ಸೇಡು ತೀರಿಸಿಕೊಳ್ಳುವುದರ ಬಗ್ಗೆಯೂ ಈ ಸೆಕ್ಷನ್ ಮೌನವಾಗಿದೆ. ಇಂಗ್ಲೆಂಡಿನ 1994ರ ಕಾಯ್ದೆಯಲ್ಲಿ ಸಾಕ್ಷಿ ಮತ್ತು ಜ್ಯೂರಿ ಸದಸ್ಯರನ್ನು ಹೆದರಿಸುವುದೂ ಆಮೇಲೆ ಅವರ ಮೇಲೆ ಸೇಡು ತೀರಿಸುವುದೂ ಒಂದೇ ಸೆಕ್ಷನ್‌ನಡಿ ಅಪರಾಧಗಳು. ಅಲ್ಲಿನ ಗರಿಷ್ಠ ಶಿಕ್ಷೆ ಐದೇ ವರ್ಷ, ನಮಗಿಂತ ಕಡಿಮೆ. ನಮ್ಮ ಶಾಸಕಾಂಗಕ್ಕೆ ಕಾನೂನು ತಿದ್ದುವ ಉತ್ಸಾಹ ಬಂದರೆ ವರ್ಷಗಳ ಸಂಖ್ಯೆಯನ್ನು ಬಿಟ್ಟು ಈ ಪದಗಳಿಗೆ ಕೈ ಹಾಕಲಿ.

ಜ್ಯೂರಿ ಪದ್ಧತಿ ನಮ್ಮಲ್ಲಿಲ್ಲ. 1959ರಲ್ಲಿ ಮುಂಬೈಯ ನಾನಾವತಿ ಪ್ರಕರಣದಲ್ಲಿ ಜ್ಯೂರಿ ಎಂಟಕ್ಕೆ ಒಂದರ ಬಹುಮತದಿಂದ ನಿರ್ದೋಷಿ ಎಂದದ್ದನ್ನು ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದ್ದು ಹಳೆಯ ಕಥೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಆ ಪದ್ಧತಿಗೆ ಜಾಗವೇ ಉಳಿಯಲಿಲ್ಲ. ಆದರೂ ಅಮೆರಿಕದ ಒಂದು ಜ್ಯೂರಿಯ ಕಥೆಯಲ್ಲಿ ನಮಗೆ ಪಾಠವಿದೆ. ನ್ಯೂಯಾರ್ಕಿನ ಮಾಫಿಯಾ ನಾಯಕ ಜಾನ್ ಗಾಟಿ 1987ರಲ್ಲಿ ಖುಲಾಸೆಯಾದ. ಜ್ಯೂರಿ ಸದಸ್ಯನೊಬ್ಬ 60,000 ಡಾಲರ್‌ಗೆ ತನ್ನನ್ನು ಮಾರಿಕೊಂಡಿದ್ದ ಎಂಬುದು ಹೊರಬಿದ್ದದ್ದು ಆಮೇಲೆ. 1992ರಲ್ಲಿ ಗಾಟಿಗೆ ಶಿಕ್ಷೆಯಾದಾಗ ಜ್ಯೂರಿ ಸದಸ್ಯರ ಹೆಸರನ್ನೇ ಗೋಪ್ಯವಾಗಿಟ್ಟು, ವಿಚಾರಣೆ ಮುಗಿಯುವವರೆಗೆ ಅವರನ್ನು ಬೇರೆಯಾಗಿ ಇರಿಸಲಾಗಿತ್ತು. ಲಂಚದ ಕೈ ಅವರಿಗೆ ಎಟುಕದಂತೆ ನೋಡಿಕೊಂಡದ್ದು ಫಲ ಕೊಟ್ಟಿತು.

ನಮ್ಮಲ್ಲಿ ಸಾಕ್ಷಿ ಎಟುಕುವುದು ವಾಯಿದೆಗಳ ಮೂಲಕ. ಪಂಜಾಬಿನ ಲಂಚ ಪ್ರಕರಣವೊಂದರಲ್ಲಿ, ಆರೋಪಿಯನ್ನು ಹಿಡಿಯಲು ಬೀಸಿದ ಬಲೆಯ ಸಾಕ್ಷಿಯ ಮುಖ್ಯ ವಿಚಾರಣೆ 1999ರಲ್ಲಿ ನಡೆಯಿತು. ಪ್ರತಿವಾದಿ ವಕೀಲರು ವಾಯಿದೆ ಕೇಳಿದರು, ನ್ಯಾಯಾಲಯ ಕೊಟ್ಟಿತು. ಪಾಟಿ ಸವಾಲು ನಡೆದದ್ದು ಇಪ್ಪತ್ತು ತಿಂಗಳ ನಂತರ, 2001ರಲ್ಲಿ. ಅಷ್ಟರಲ್ಲಿ ಸಾಕ್ಷಿ ಮಾತು ಬದಲಿಸಿದ್ದ. 2015ರಲ್ಲಿ ವಿನೋದ್ ಕುಮಾರ್ ಪ್ರಕರಣದ ತೀರ್ಪು ನೀಡುವಾಗ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು, ಮುಖ್ಯ ವಿಚಾರಣೆಯಾದ ದಿನವೇ ಪಾಟಿ ಸವಾಲೂ ಮುಗಿಯುವುದು ಅಪೇಕ್ಷಣೀಯ ಎಂದಿತು. ಸಾಕ್ಷಿ ಹಾಜರಿದ್ದಾಗ ವಿಚಾರಣೆ ದಿನದಿಂದ ದಿನಕ್ಕೆ ನಡೆಯಬೇಕೆಂದು ಕಾನೂನೇ ಹೇಳುತ್ತದೆ. ಹಳೆಯ ಸಂಹಿತೆಯ 309ನೇ ಸೆಕ್ಷನ್ ಹೇಳುತ್ತಿತ್ತು, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಸೆಕ್ಷನ್ನೂ ಹೇಳುತ್ತದೆ. ಹಿರಿಯ ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎಂಬ ಕಾರಣಕ್ಕೆ ವಾಯಿದೆ ಸಿಗುವುದು ಮಾತ್ರ ನಿಂತಿಲ್ಲ. ‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂದು ನಮ್ಮವರು ಗಾದೆ ಕಟ್ಟಿದಾಗ ಕಕ್ಷಿದಾರರನ್ನಷ್ಟೇ ನೆನೆದರು. ನಾಲ್ಕು ದಿನದ ಕೂಲಿ ಕಳೆದುಕೊಂಡು ನಾಲ್ಕು ಸಲ ಬರಿಗೈಲಿ ಮರಳುವ ಸಾಕ್ಷಿಗೆ ಅದರಲ್ಲಿ ಜಾಗವಿಲ್ಲ.

ಜಾಮೀನಿನ ವಿಷಯದಲ್ಲಿ ಸ್ವಲ್ಪ ಗಾಳಿ ಬದಲಾಗಿದೆ. ಧಾರವಾಡ ಜಿಲ್ಲಾ ಪಂಚಾಯ್ತಿ ಸದಸ್ಯರಾಗಿದ್ದ ಯೋಗೇಶ್ ಗೌಡ 2016ರಲ್ಲಿ ಕೊಲೆಯಾದ ಪ್ರಕರಣದಲ್ಲಿ ಆರೋಪಿಯಾಗಿದ್ದ ಶಾಸಕ ವಿನಯ ಕುಲಕರ್ಣಿ ಅವರ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ರದ್ದುಪಡಿಸಿತು. ಸಾಕ್ಷಿಗಳನ್ನು ಸಂಪರ್ಕಿಸಲು ಅಥವಾ ಪ್ರಭಾವಿಸಲು ಪ್ರಯತ್ನ ನಡೆದಿದೆ ಎನ್ನಲು ದಾಖಲೆಗಳಿವೆ ಎಂಬುದು ಕಾರಣ. ಕೊಲೆಯ ಆರೋಪದ ಸತ್ಯಾಸತ್ಯ ಬೇರೆಯೇ ಪ್ರಶ್ನೆ, ಅದನ್ನು ಜಾಮೀನಿನ ಆದೇಶ ತೀರ್ಮಾನಿಸುವುದಿಲ್ಲ. ಅದೇ ವರ್ಷ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು. ಸಾಕ್ಷಿಯನ್ನು ಬೆದರಿಸಿದ್ದಾರೆ, ಜಾಮೀನು ರದ್ದುಮಾಡಿ ಎಂದು ಬಂದವರಿಗೆ ಅಲಹಾಬಾದ್ ಹೈಕೋರ್ಟ್ ‘ಸಾಕ್ಷಿ ರಕ್ಷಣಾ ಯೋಜನೆಗೆ ಅರ್ಜಿ ಹಾಕಿಕೊಳ್ಳಿ’ ಎಂದು ಅಚ್ಚು ಹಾಕಿದಂಥ ಆದೇಶಗಳನ್ನು ಕೊಡುತ್ತಿತ್ತು. ರಕ್ಷಣೆ ಕೊಡುವುದು ಜಾಮೀನು ರದ್ದತಿಗೆ ಬದಲಿಯಾಗಲಾರದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ, 195ಎ ಅಡಿ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದು, ನ್ಯಾಯಾಲಯವೇ ದೂರು ಕೊಡಲೆಂದು ಕಾಯಬೇಕಿಲ್ಲ ಎಂದೂ ಹೇಳಿತು. ಸೆಕ್ಷನ್ ಜಾರಿಗೆ ಬಂದು ಹತ್ತೊಂಬತ್ತು ವರ್ಷಗಳ ಮೇಲೆ ಇದು ಇತ್ಯರ್ಥವಾಯಿತು! ಪ್ರಕರಣವನ್ನು ಯಾರು ದಾಖಲಿಸಬೇಕೆಂಬುದೇ ವಿವಾದದಲ್ಲಿದ್ದ ಕಾನೂನಿಗೆ ಯಾರಾದರೂ ಹೇಗೆ ಹೆದರಿಯಾರು?

ಇನ್ನು, ಕಠಿಣ ಶಿಕ್ಷೆಯ ಬಿಸಿ ಯಾರಿಗೆ ತಟ್ಟುತ್ತದೆ ಎಂಬುದನ್ನೂ ನೋಡಬೇಕು. ಗುಜರಾತ್ ಗಲಭೆಯ ವೇಳೆ ವಡೋದರದ ಬೆಸ್ಟ್ ಬೇಕರಿಯ ಮೇಲೆ 2002ರ ಮಾರ್ಚ್ 1ರಂದು ನಡೆದ ದಾಳಿಯಲ್ಲಿ 14 ಮಂದಿ ಸತ್ತರು. ಮುಖ್ಯ ಸಾಕ್ಷಿ ಜಾಹಿರಾ ಶೇಖ್ ಹೇಳಿಕೆ ಬದಲಿಸಿದರು, 21 ಆರೋಪಿಗಳೂ ಬಿಡುಗಡೆಯಾದರು. ಪ್ರಾಣಭಯದಿಂದ ಹಾಗೆ ಹೇಳಿದೆ ಎಂದು ಆಕೆ ಹೊರಗೆ ಬಂದು ಹೇಳಿದ ಮೇಲೆ 2004ರಲ್ಲಿ ಸುಪ್ರೀಂ ಕೋರ್ಟ್ ಮರುವಿಚಾರಣೆಯನ್ನು ಮಹಾರಾಷ್ಟ್ರಕ್ಕೆ ವರ್ಗಾಯಿಸಿತು. ಅಲ್ಲಿ ಆಕೆ ಮತ್ತೆ ಮಾತು ಬದಲಿಸಿದರು. 2006ರ ಮಾರ್ಚ್‌ನಲ್ಲಿ ನ್ಯಾಯಾಂಗ ನಿಂದನೆಗಾಗಿ ಸುಪ್ರೀಂ ಕೋರ್ಟ್ ಒಂದು ವರ್ಷದ ಸೆರೆವಾಸ, 50,000 ರೂಪಾಯಿ ನ್ಯಾಯಾಲಯ ವೆಚ್ಚ ವಿಧಿಸಿದ್ದು ಈ ಸಾಕ್ಷಿಗೇ. ಆಕೆ ಆಡಿದ ಸುಳ್ಳನ್ನು ಸಮರ್ಥಿಸಬೇಕಿಲ್ಲ. ಆದರೆ ಸುಳ್ಳು ಹೇಳಿದವರು ಕಟಕಟೆಯಲ್ಲಿ ಸುಲಭವಾಗಿ ಕೈಗೆ ಸಿಗುತ್ತಾರೆ, ಹೇಳಿಸಿದವರು ಸಿಗುವುದಿಲ್ಲ. ಶಿಕ್ಷೆ ಹೆಚ್ಚಿಸುತ್ತಾ ಹೋದರೆ ಮೊದಲು ಸಿಕ್ಕಿಬೀಳುವವನು ಬಸ್ಸಿನಲ್ಲಿ ಬಂದ ಆ ಕೂಲಿಯವನೇ.

ಕನ್ನಡಿಗರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಕೊಟ್ಟ ವರದಿ ಇದನ್ನು ಸರಿಯಾಗಿ ಗ್ರಹಿಸಿತ್ತು. ಸುಳ್ಳು ಸಾಕ್ಷ್ಯದ ಬಗ್ಗೆ ಅದು ಬಿಗಿಯಾಗಿಯೇ ಮಾತಾಡಿತು, ಜೊತೆಗೆ ಸಾಕ್ಷಿಗೆ ಗೌರವ, ಭತ್ಯೆ, ಕೂರಲು ಜಾಗ, ರಕ್ಷಣೆಗೊಂದು ಕಾನೂನು ಬೇಕು ಎಂದೂ ಕೇಳಿತು. ಸಂಸತ್ತು ಆ ಪ್ರತ್ಯೇಕ ಕಾನೂನನ್ನು ಮಾಡಲಿಲ್ಲ. 2018ರ ಡಿಸೆಂಬರ್ 5ರಂದು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಗೆ ಮೊಹರು ಹಾಕಿ, ಕಾನೂನು ಬರುವವರೆಗೆ ಇದೇ ಕಾನೂನು ಎಂದಿತು. ಅರ್ಜಿದಾರರಲ್ಲಿ ಸ್ವಘೋಷಿತ ದೇವಮಾನವ ಅಸಾರಾಂ ವಿರುದ್ಧದ ಪ್ರಕರಣದ ಸಾಕ್ಷಿಯೂ ಇದ್ದರು. ನಾಗರಿಕ ಸುರಕ್ಷಾ ಸಂಹಿತೆಯ 398ನೇ ಸೆಕ್ಷನ್ ಈ ಹೊಣೆಯನ್ನು ರಾಜ್ಯಗಳ ಹೆಗಲಿಗೆ ದಾಟಿಸಿದೆ.

ಯೋಜನೆ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹೋಗುತ್ತದೆ, ಬೆದರಿಕೆಯ ವರದಿ ಐದು ಕೆಲಸದ ದಿನಗಳಲ್ಲಿ ಬರಬೇಕು. ವರದಿ ಕೊಡುವವರು ಯಾರು? ಅದೇ ಉಪವಿಭಾಗದ ಡಿವೈಎಸ್‌ಪಿ. ಸ್ಥಳೀಯ ಪೊಲೀಸರಿಗೂ ಆರೋಪಿಗೂ ಸಲುಗೆಯಿರುವಲ್ಲಿ ಆ ವರದಿ ಹೇಗಿರುತ್ತದೆ ಎಂದು ಊಹಿಸಲು ಕಷ್ಟವಿಲ್ಲ. ರಕ್ಷಣೆ ಒಮ್ಮೆಗೆ ಮೂರು ತಿಂಗಳು ಮೀರುವಂತಿಲ್ಲ, ವಿಚಾರಣೆ ನಡೆಯುವುದು ವರ್ಷಗಟ್ಟಲೆ. ಫೋನ್ ನಂಬರ್ ಬದಲಿಸುವುದು, ಬೇರೆಡೆ ತಾತ್ಕಾಲಿಕ ವಾಸ, ಮನೆಯ ಸುತ್ತ ಗಸ್ತು ಇವೆಲ್ಲ ನಗರದವನಿಗೆ ಹೊಂದುತ್ತವೆ. ಎರಡು ಎಮ್ಮೆ, ಮುಕ್ಕಾಲು ಎಕರೆ ಇರುವವನನ್ನು ಎಲ್ಲಿಗೆ ಸಾಗಿಸುತ್ತೀರಿ? ಅಂಥವನ ಮಟ್ಟಿಗೆ ಇರುವ ದಾರಿ, ಅವನು ಗುಟ್ಟನ್ನು ಹೊತ್ತು ತಿರುಗಬೇಕಾದ ಕಾಲವನ್ನು ಕಡಿಮೆ ಮಾಡುವುದು. ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಲೇಬೇಕು ಎಂದು ಅದೇ ಸಂಹಿತೆಯ 183ನೇ ಸೆಕ್ಷನ್ ಈಗ ಹೇಳುತ್ತದೆ. ಇದನ್ನು ಮೊದಲ ವಾರದಲ್ಲೇ ಮಾಡಿ, ಕಟಕಟೆ ಹತ್ತಿದ ದಿನವೇ ಪಾಟಿ ಸವಾಲು ಮುಗಿಸಿದರೆ, ಜಗಲಿ ಪಂಚಾಯ್ತಿಗೆ ಸಿಗುವ ಅವಕಾಶ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2016ರಲ್ಲಿ ಸೇರಿದ 15ಎ ಸೆಕ್ಷನ್ ಸಾಕ್ಷಿಗಳ ರಕ್ಷಣೆಯನ್ನು ಸರ್ಕಾರದ ಕರ್ತವ್ಯವೆಂದೇ ಬರೆದಿದೆ, ಪ್ರಯಾಣದ ಖರ್ಚು ಮತ್ತು ಸ್ಥಳಾಂತರವನ್ನೂ ಸೇರಿಸಿ. ವಿಧಾನಮಂಡಲದ ಮುಂದಿನ ಅಧಿವೇಶನದಲ್ಲಿ ಯಾವ ಪಕ್ಷದ ಸದಸ್ಯರಾದರೂ ಕೇಳಬಹುದಾದ ಚುಕ್ಕೆ ಗುರುತಿನ ಪ್ರಶ್ನೆಗಳು ಹೀಗಿವೆ: 15ಎ ಅಡಿ ಕಳೆದ ಐದು ವರ್ಷದಲ್ಲಿ ಯಾವ ಜಿಲ್ಲೆಯಲ್ಲಿ ಎಷ್ಟು ಸಾಕ್ಷಿಗಳಿಗೆ ರಕ್ಷಣೆ ಸಿಕ್ಕಿದೆ? ರಕ್ಷಣಾ ಯೋಜನೆಗೆ ಹಳ್ಳಿಗಳಿಂದ ಬಂದ ಅರ್ಜಿಗಳೆಷ್ಟು, ತಿರಸ್ಕೃತವಾದವೆಷ್ಟು? 195ಎ ಮತ್ತು 232ರ ಅಡಿ ದಾಖಲಾದ ಎಫ್‌ಐಆರ್‌ಗಳಲ್ಲಿ ಎಷ್ಟರಲ್ಲಿ ಶಿಕ್ಷೆಯಾಗಿದೆ? ಉತ್ತರವನ್ನು ಗೃಹ ಸಚಿವರು ಸದನದ ಮೇಜಿನ ಮೇಲೆ ಇಡಲಿ. ಏಳು ವರ್ಷ ಸಾಲದೆಂಬ ಚರ್ಚೆಯನ್ನು ಆಮೇಲೆ ಶುರುಮಾಡೋಣ.